ಅಪ್ಪನ ಮರೆವು ಮಗಳಿಗೂ ಬರುವುದೇ?

ಶ್ರೀಗಂಧದ ಕಾವಲಿನ ನನ್ನ ಚಿಕಿತ್ಸಾಲಯಕ್ಕೆ ಕಳೆದ ಶ್ರಾವಣಮಾಸದಲ್ಲಿ ಒಬ್ಬ ತಾಯಿ ಬಂದರು. ವಯಸ್ಸು 48. ತಿಪಟೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನ, ಶ್ರೀಮಠದ ಭಕ್ತರು. ಅವರ ತಂದೆಯವರು ನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಅರ್ಧ ಗಂಟೆಯಲ್ಲೇ ಮತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕುಳಿತರಂತೆ. ವಯಸ್ಸಾದಂತೆ ಭಕ್ತಿ ಹೆಚ್ಚಿತೆಂದು ಮನೆಯವರು ಸಂತೋಷಪಟ್ಟರು. ಅದೇ ರೀತಿ ವಾರದಲ್ಲಿ ಎರಡು ಮೂರು ದಿನ ಆಗತೊಡಗಿದಾಗಲೂ ಯಾರಿಗೂ ಅನುಮಾನ ಬರಲಿಲ್ಲ. ಸುಂಕದಕಟ್ಟೆಯ ಬಸ್ ನಿಲ್ದಾಣದಲ್ಲಿ ಇಳಿದವರು ಮನೆಯ ದಾರಿ ತಿಳಿಯದೆ ಸಂಜೆಯವರೆಗೆ ಅಲ್ಲಿಯೇ ಕುಳಿತಿದ್ದ ದಿನ ಎಲ್ಲರಿಗೂ ಎದೆ ಧಸಕ್ಕೆಂದಿತು. ಪರೀಕ್ಷೆಗಳಾದವು. ಮರೆಗುಳಿತನ, ಅಂದರೆ ಡಿಮೆನ್ಶಿಯಾ. ಅದರಲ್ಲಿ ಆಲ್‌ಝೈಮರ್ ಬಗೆಯದು, ಜೊತೆಗೆ ಮಿದುಳಿನ ಸಣ್ಣ ರಕ್ತನಾಳಗಳೂ ಹಾಳಾಗಿವೆ ಎಂದು ತಜ್ಞರು ಹೇಳಿದರು.

ಆ ತಾಯಿ ನನ್ನ ಬಳಿ ಬಂದದ್ದು ತಂದೆಯವರ ಸಲುವಾಗಿ ಅಲ್ಲ. ಕೈಯಲ್ಲಿ ಒಂದು ವರದಿಯಿತ್ತು. ಎಂಜಲನ್ನು ಒಂದು ಕೊಳವೆಯಲ್ಲಿ ತುಂಬಿ ಅಂಚೆಯಲ್ಲಿ ಕಳುಹಿಸಿದರೆ ವಂಶವಾಹಿಗಳನ್ನು ಓದಿ ಹೇಳುವ ಪರೀಕ್ಷೆಯೊಂದು ಈಗ ಮನೆ ಬಾಗಿಲಿಗೇ ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮಗನಿಂದ ಅದನ್ನು ತರಿಸಿದ್ದರು.

“ಡಾಕ್ಟ್ರೇ, ಅಪ್ಪಂಗೆ ಆಗಿದ್ದು ನಂಗೂ ಆಗುತ್ತೆ ಅಂತ ಇದ್ರಲ್ಲಿ ಬರ್ದಿದೆಯಂತೆ. ಹೌದಾ?”

“ಕಾಗದ ಆಮೇಲೆ ನೋಡೋಣ ತಾಯಿ. ಮೊದ್ಲು ಕೈ ಕೊಡಿ.”

ರಕ್ತದೊತ್ತಡ 154/96 ಇತ್ತು. ಗಾಬರಿಯಿಂದ ಏರಿರಬಹುದೆಂದು ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ, 150/94. ಹಿಂದೆ ಎಂದು ನೋಡಿಸಿದ್ದಿರಿ ಎಂದು ಕೇಳಿದೆ. “ಬಾಣಂತನದಲ್ಲಿ ನೋಡಿದ್ದೇ ಕೊನೆ” ಎಂದರು. ಮಗನಿಗೆ ಈಗ 22 ವರ್ಷ.

ಈ ಲೇಖನವನ್ನು ಬರೆಯಲು ಇದೇ ಕಾರಣ. ತನ್ನ ಬೀಜದಲ್ಲಿ ಏನಿದೆ ಎಂದು ತಿಳಿಯಲು ಆ ತಾಯಿ ಅಷ್ಟು ಹಣ ಖರ್ಚು ಮಾಡಿದರು, ನಿದ್ರೆ ಕೆಡಿಸಿಕೊಂಡರು. ಯಾವ ಔಷಧದ ಅಂಗಡಿಯಲ್ಲಾದರೂ ಐದು ನಿಮಿಷದಲ್ಲಿ ತಿಳಿಯಬಹುದಾಗಿದ್ದ, ತಿಳಿದರೆ ಬದಲಾಯಿಸಬಹುದಾಗಿದ್ದ ಸಂಗತಿಯನ್ನು 22 ವರ್ಷ ಯಾರೂ ಅವರಿಗೆ ತಿಳಿಸಿರಲಿಲ್ಲ.

ಬೀಜವೂ ಪುರುಷಕಾರವೂ

ವರದಿಯಲ್ಲಿ ಇದ್ದದ್ದು ಎಪಿಒಇ ಎಂಬ ವಂಶವಾಹಿಯ ವಿಷಯ. ಇದು ನಮ್ಮ 19ನೆಯ ವರ್ಣತಂತುವಿನಲ್ಲಿದೆ. ಇದಕ್ಕೆ ಎರಡು, ಮೂರು, ನಾಲ್ಕು ಎಂದು ಗುರುತಿಸುವ ಮೂರು ಬಗೆಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿಯನ್ನು ಪ್ರತಿಯೊಬ್ಬರೂ ಪಡೆದಿರುತ್ತೇವೆ. ಬಹುಪಾಲು ಜನರಲ್ಲಿರುವುದು ಮೂರನೆಯ ಬಗೆ. ನಾಲ್ಕನೆಯ ಬಗೆಗೂ ಇಳಿವಯಸ್ಸಿನ ಆಲ್‌ಝೈಮರ್ ಕಾಯಿಲೆಗೂ ನಂಟಿದೆ ಎಂಬುದನ್ನು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ಅವರ ತಂಡವು ತೋರಿಸಿತು. ನಾಲ್ಕನೆಯ ಬಗೆಯ ಒಂದು ಪ್ರತಿಯಿದ್ದರೆ ಅಪಾಯವು ಸುಮಾರು ಮೂರು ಪಟ್ಟು, ಎರಡೂ ಪ್ರತಿಗಳು ಅದೇ ಆಗಿದ್ದರೆ ಎಂಟು ಪಟ್ಟು ಅಥವಾ ಇನ್ನೂ ಹೆಚ್ಚು ಎಂದು ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಹೇಳುತ್ತವೆ. ಈ ತಾಯಿಯಲ್ಲಿದ್ದದ್ದು ಒಂದು ಪ್ರತಿ.

ಮೂರು ಪಟ್ಟು ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ನಡುಗುವುದು ಸಹಜ. ಆದರೆ ಆ ಪ್ರತಿಯನ್ನು ಹೊತ್ತು 90 ವರ್ಷ ನೆನಪು ಮಾಸದೆ ಬಾಳಿದವರಿದ್ದಾರೆ. ಅದು ಇಲ್ಲದೆಯೂ ಮರೆಗುಳಿತನಕ್ಕೆ ಒಳಗಾದವರು ಬಹಳ. ಅಪಾಯ ಹೆಚ್ಚು ಎಂಬುದು ಬೇರೆ, ಬಂದೇ ಬರುತ್ತದೆ ಎಂಬುದು ಬೇರೆ. ಬಂದೇ ಬರುವಂತಹ ವಂಶವಾಹಿಗಳೂ ಇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವು ಬೇರೆ ಮೂರು. ಅವುಗಳಿಂದ ಬರುವ ಕಾಯಿಲೆ ನೂರು ಆಲ್‌ಝೈಮರ್ ರೋಗಿಗಳಲ್ಲಿ ಒಬ್ಬರಿಗಿಂತಲೂ ಕಡಿಮೆ. ತಲೆಮಾರಿನಿಂದ ತಲೆಮಾರಿಗೆ, 40 ಅಥವಾ 50ರ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಅಂತಹ ಚರಿತ್ರೆಯಿರುವ ಕುಟುಂಬದವರು ನಿಮ್ಹಾನ್ಸ್‌ನಂತಹ ಸಂಸ್ಥೆಯ ತಜ್ಞರ ಸಲಹೆಯಿಲ್ಲದೆ ಪರೀಕ್ಷೆಗೆ ಹೋಗಬಾರದು. ಉಳಿದವರಿಗೆ, ನನ್ನ ಅಭಿಪ್ರಾಯದಲ್ಲಿ, ಎಂಜಲಿನ ಪರೀಕ್ಷೆ ಅನಗತ್ಯ. ಫಲಿತಾಂಶ ಏನೇ ಬಂದರೂ ಮಾಡಬೇಕಾದ ಕೆಲಸ ಅದೇ.

ಬೀಜದೋಷದ ಕಲ್ಪನೆ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಬೀಜ, ಬೀಜಭಾಗ, ಬೀಜಭಾಗಾವಯವ ಎಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ವಿಂಗಡಿಸಿ ಹೇಳಲಾಗಿದೆ. ತಂದೆತಾಯಿಗಳಿಂದ ಬರುವ ಪ್ರಮೇಹದ ಮಾತೂ ಅದೇ ಗ್ರಂಥದಲ್ಲಿದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಆಯುಷ್ಯವು ಪೂರ್ವನಿಶ್ಚಿತವೇ ಎಂಬ ಪ್ರಶ್ನೆಗೆ ಚರಕರು ದೈವ ಮತ್ತು ಪುರುಷಕಾರ ಎಂಬ ಎರಡು ಬಲಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಔಷಧವೇಕೆ, ಪಥ್ಯವೇಕೆ ಎಂಬುದು ಅವರ ವಾದದ ಸಾರ. ಪುರುಷಕಾರವನ್ನು ಕಾಯಕವೆಂದು ಓದಿಕೊಂಡರೆ ನಮ್ಮ ಭಕ್ತರಿಗೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಪಿಒಇ ವಂಶವಾಹಿ ಮಾಡುವ ಕೆಲಸವಾದರೂ ಏನು? ದೇಹದಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆ ಅದರಲ್ಲಿದೆ. ನಾಲ್ಕನೆಯ ಬಗೆಯಿರುವವರ ರಕ್ತದಲ್ಲಿ ಕೆಟ್ಟ ಕೊಬ್ಬೆಂದು ಕರೆಯುವ ಎಲ್‌ಡಿಎಲ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿರುತ್ತದೆ. ಅಂದರೆ ಮರೆವಿನ ವಂಶವಾಹಿ ಎಂದು ಹೆಸರಾದದ್ದು ಹೃದಯಕ್ಕೂ ಸೇರಿದ್ದೇ.

ಒಂದೇ ಕೆರೆಯ ನೀರು

ಮಿದುಳಿನ ತೂಕ ದೇಹದ ತೂಕದ ನೂರಕ್ಕೆ ಎರಡು ಭಾಗ ಮಾತ್ರ. ಆದರೆ ಹೃದಯವು ಹೊರಕ್ಕೆ ನೂಕುವ ರಕ್ತದಲ್ಲಿ ನೂರಕ್ಕೆ 15ರಿಂದ 20 ಭಾಗವನ್ನು ಅದೊಂದೇ ಪಡೆಯುತ್ತದೆ. ಕೆರೆಯ ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆ, ಸಣ್ಣ ಕಾಲುವೆ, ಕೊನೆಗೆ ಬೆರಳಗಲದ ಬದುಗಳಲ್ಲಿ ಹರಿದು ಗದ್ದೆಯ ಕಡೆಯ ಮೂಲೆಯನ್ನು ಮುಟ್ಟುವಂತೆ ಈ ರಕ್ತ ಮಿದುಳಿನ ಆಳವನ್ನು ತಲುಪುತ್ತದೆ. ತೂಬಿನಲ್ಲಿ ನೀರಿನ ಒತ್ತಡ ಹೆಚ್ಚಾದರೆ ಮೊದಲು ಕೊಚ್ಚಿಹೋಗುವುದು ಆ ಸಣ್ಣ ಬದುಗಳೇ. ಬಹುಕಾಲದ ರಕ್ತದೊತ್ತಡದಿಂದ ಮಿದುಳಿನ ಒಳಭಾಗದ ಸೂಕ್ಷ್ಮ ರಕ್ತನಾಳಗಳು ದಪ್ಪಗಾಗಿ, ಗಟ್ಟಿಯಾಗಿ, ಅಲ್ಲಲ್ಲಿ ಮುಚ್ಚಿಹೋಗುತ್ತವೆ. ಸ್ಕ್ಯಾನ್‌ನಲ್ಲಿ ಇವು ಬಿಳಿ ಕಲೆಗಳಂತೆ ಕಾಣಿಸುತ್ತವೆ. ಪಾರ್ಶ್ವವಾಯು ಬಡಿದಂತೆ ಕೈಕಾಲು ಬಿದ್ದುಹೋಗುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಆಲ್‌ಝೈಮರ್‌ನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಕಸ ಮಿದುಳಿನಲ್ಲಿ ಶೇಖರವಾಗುತ್ತದೆ. ರಕ್ತನಾಳಗಳು ಸುಸ್ಥಿತಿಯಲ್ಲಿಲ್ಲದಿದ್ದರೆ ಅದನ್ನು ಹೊರಹಾಕುವ ಕೆಲಸವೂ ಕುಂಟುತ್ತದೆ. ಇಳಿವಯಸ್ಸಿನ ಮರೆಗುಳಿತನದಲ್ಲಿ ಬಹಳ ಸಲ ಈ ಎರಡೂ ಕೂಡಿಯೇ ಇರುತ್ತವೆ, ಆ ತಾಯಿಯ ತಂದೆಯವರಲ್ಲಿ ಇದ್ದಂತೆ.

ಚರಕರು ಸೂತ್ರಸ್ಥಾನದ ಕೊನೆಯ ಅಧ್ಯಾಯದಲ್ಲಿ ಹೃದಯವನ್ನು ಚೇತನದ ಆಶ್ರಯವೆಂದೂ ಅಲ್ಲಿಂದ ಹತ್ತು ಮಹಾನಾಳಗಳು ಹೊರಡುತ್ತವೆಂದೂ ಹೇಳಿದರು. ಅದನ್ನು ಇಂದಿನ ಶರೀರಶಾಸ್ತ್ರದ ಮೇಲೆ ಅಕ್ಷರಶಃ ಹೊಂದಿಸುವ ಹಟ ನನಗಿಲ್ಲ. ಹೃದಯ ಕೆಟ್ಟರೆ ಬುದ್ಧಿ ಸ್ಮೃತಿಗಳೂ ಕೆಡುತ್ತವೆ ಎಂಬ ಕಾಣ್ಕೆ ಮಾತ್ರ ಇಂದಿಗೂ ನಿಲ್ಲುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಬೀಜದಲ್ಲೇ ಅಪಾಯವಿರುವವರಿಗೆ ಹೃದಯದ ಆರೈಕೆಯಿಂದ ಉಪಯೋಗವಿದೆಯೇ, ಅಥವಾ ಅದು ನೀರಿನಲ್ಲಿ ಹೋಮ ಮಾಡಿದಂತೆಯೇ? ಅಮೆರಿಕದಲ್ಲಿ ನಡುವಯಸ್ಸಿನ ಸುಮಾರು 11,500 ಜನರನ್ನು 30 ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ತೂಕ, ವ್ಯಾಯಾಮ, ಆಹಾರ, ಧೂಮಪಾನ ಎಂಬ ಏಳು ವಿಷಯಗಳಿಗೆ ಅಂಕ ಕೊಟ್ಟು, ವಂಶವಾಹಿಯ ಅಪಾಯದೊಡನೆ ಹೋಲಿಸಿದರು. ಐರೋಪ್ಯ ಮೂಲದವರಲ್ಲಿ ಹೆಚ್ಚು ಅಂಕ ಪಡೆದವರಿಗೆ ಕಡಿಮೆ ಅಂಕದವರಿಗಿಂತ ಮರೆಗುಳಿತನ ಶೇಕಡಾ 43ರಷ್ಟು ಕಡಿಮೆ. ವಂಶವಾಹಿಯ ಅಪಾಯ ಹೆಚ್ಚಿರುವ ಗುಂಪಿನಲ್ಲೂ ಲಾಭ ಕಂಡಿತು. ಆಫ್ರಿಕನ್ ಮೂಲದವರಲ್ಲಿ ಲಾಭ ಇದಕ್ಕಿಂತ ಕಡಿಮೆ, ಸುಮಾರು ಶೇಕಡಾ 17. ಬ್ರಿಟನ್ನಿನಲ್ಲಿ 60 ವರ್ಷ ಮೀರಿದ 1,96,383 ಜನರ ಅಧ್ಯಯನ 2019ರಲ್ಲಿ ಬಂದಿತು. ವಂಶವಾಹಿಯ ಅಪಾಯ ಹೆಚ್ಚಿದ್ದು ಜೀವನಕ್ರಮವೂ ಕೆಟ್ಟಿದ್ದವರಲ್ಲಿ ಶೇಕಡಾ 1.78 ಜನರಿಗೆ ಕಾಯಿಲೆ ಬಂದರೆ, ಅಷ್ಟೇ ಅಪಾಯವಿದ್ದು ಜೀವನಕ್ರಮ ಒಳ್ಳೆಯದಾಗಿದ್ದವರಲ್ಲಿ ಶೇಕಡಾ 1.13 ಜನರಿಗೆ ಬಂದಿತು. ಚಮತ್ಕಾರವೇನಲ್ಲ, ಆದರೆ ಬೀಜದ ಎದುರು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೆ ಸಾಕು.

ಇವು ಹಿಂಬಾಲಿಸಿ ನೋಡಿದ ಅಧ್ಯಯನಗಳು. ಒಳ್ಳೆಯ ಅಭ್ಯಾಸವುಳ್ಳವರು ಬೇರೆ ಕಾರಣಗಳಿಂದಲೂ ಆರೋಗ್ಯವಂತರಾಗಿರಬಹುದು. ಫಿನ್ಲೆಂಡಿನಲ್ಲಿ ಹಾಗಲ್ಲದೆ 60ರಿಂದ 77 ವಯಸ್ಸಿನ 1,260 ಜನರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮೊದಲಾದವುಗಳ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. 2015ರಲ್ಲಿ ಪ್ರಕಟವಾದಂತೆ ಆ ಗುಂಪಿನವರ ಬುದ್ಧಿಶಕ್ತಿಯ ಪರೀಕ್ಷೆಗಳು ಉತ್ತಮವಾದವು. ಎಪಿಒಇ ನಾಲ್ಕನೆಯ ಬಗೆಯುಳ್ಳವರಿಗೂ ಲಾಭ ದೊರೆತಿತ್ತು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು 2025ರಲ್ಲಿ ಪ್ರಕಟವಾದ ಚೀನಾದ ಪ್ರಯೋಗ. ಅಲ್ಲಿಯ 326 ಹಳ್ಳಿಗಳಲ್ಲಿ ರಕ್ತದೊತ್ತಡವುಳ್ಳ, 40 ವರ್ಷ ಮೀರಿದ ಸುಮಾರು 34 ಸಾವಿರ ಜನ. ಅರ್ಧದಷ್ಟು ಹಳ್ಳಿಗಳಲ್ಲಿ ಸಾಮಾನ್ಯ ಗ್ರಾಮವೈದ್ಯರೇ ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಿಸಿ, ಮನೆಯಲ್ಲಿ ಒತ್ತಡ ಅಳೆಯುವುದನ್ನು ಕಲಿಸಿದರು. ನಾಲ್ಕು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಮರೆಗುಳಿತನ ಶೇಕಡಾ 15ರಷ್ಟು ಕಡಿಮೆಯಾಯಿತು. ದೊಡ್ಡ ಆಸ್ಪತ್ರೆಯಿಲ್ಲ, ದುಬಾರಿ ಯಂತ್ರವಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಅಸಾಧ್ಯವೇ?

ಕೋಲಾರದ ಹಳ್ಳಿಗಳಲ್ಲಿ

ಮೇಲಿನ ಲೆಕ್ಕಗಳು ಅನ್ಯರ ಮೈಯಿಂದ ತೆಗೆದವು. ನಮ್ಮವರ ಬೀಜ ಬೇರೆ, ಊಟ ಬೇರೆ, ದುಡಿಮೆ ಬೇರೆ. ಈ ಕೊರತೆಯನ್ನು ನೀಗಿಸುವ ಕೆಲಸ ನಮ್ಮ ನಾಡಿನಲ್ಲಿಯೇ ನಡೆಯುತ್ತಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ಇದಕ್ಕೆ ನೆರವಾಗಿದೆ. ಮಾವಿನ ಹಣ್ಣಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಜನರನ್ನು ಹಲವು ವರ್ಷ ಹಿಂಬಾಲಿಸುವ ಗುರಿಯಿಂದ ಈ ಕೇಂದ್ರವು ಅಧ್ಯಯನವನ್ನು ಕೈಗೊಂಡಿದೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಹೃದಯದ ಪರೀಕ್ಷೆ, ಮಿದುಳಿನ ಸ್ಕ್ಯಾನ್, ವಂಶವಾಹಿ, ಎಲ್ಲವನ್ನೂ ಒಬ್ಬರಲ್ಲಿಯೇ ಒಟ್ಟಿಗೆ ನೋಡುವುದು ಇದರ ವಿಶೇಷ. ನಗರವಾಸಿಗಳಿಗಾಗಿ ಟಾಟಾ ಟ್ರಸ್ಟ್‌ಗಳ ನೆರವಿನಿಂದ ಬೆಂಗಳೂರಿನಲ್ಲೇ ಇಂತಹದೇ ಇನ್ನೊಂದು ಅಧ್ಯಯನವಿದೆ. ದೇಶದ 10,000 ಜನರ ಸಂಪೂರ್ಣ ವಂಶವಾಹಿ ಓದುವ ಜೀನೋಮ್ ಇಂಡಿಯಾ ಯೋಜನೆಯ ಸಮನ್ವಯವೂ ಇದೇ ಕೇಂದ್ರದ್ದು. ಅದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ರಾಗಿ ತಿಂದು ಹೊಲ ಗೇಯುವ ರೈತನ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಇನ್ನು ಮುಂದೆ ಬ್ರಿಟನ್ನಿನ ಲೆಕ್ಕದಿಂದ ಊಹಿಸಬೇಕಾಗಿಲ್ಲ.

ಸಮಸ್ಯೆಯ ಗಾತ್ರವಂತೂ ಈಗಾಗಲೇ ತಿಳಿದಿದೆ. 60 ವರ್ಷ ಮೀರಿದ ಭಾರತೀಯರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ಅಂದಾಜಿಸಿತು. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಹೆಚ್ಚು; ಹೆಣ್ಣುಮಕ್ಕಳ ಓದನ್ನು ಅರ್ಧಕ್ಕೆ ನಿಲ್ಲಿಸಿದ ತಲೆಮಾರಿನ ಋಣ ಈಗ ತೀರುತ್ತಿದೆ ಎನ್ನಬಹುದು.

ನಮ್ಮ ಅಡುಗೆಮನೆ, ನಮ್ಮ ದಾಸೋಹ

ಸಸ್ಯಾಹಾರಿಗಳಿಗೆ ಹೃದ್ರೋಗವಿಲ್ಲ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ನನ್ನ ನಾಲ್ಕು ದಶಕಗಳ ಅನುಭವ ಹಾಗೆ ಹೇಳುವುದಿಲ್ಲ. ಮಾಂಸವಿಲ್ಲದ ಮಾತ್ರಕ್ಕೆ ಊಟ ಸಾತ್ತ್ವಿಕವಾಗುವುದಿಲ್ಲ. ಬೆಳಿಗ್ಗೆ ಇಡ್ಲಿಯೊಡನೆ ವಡೆ, ಮಧ್ಯಾಹ್ನ ಎರಡು ಸಲ ಬಡಿಸಿಕೊಂಡ ಬಿಳಿಯನ್ನ, ಸಂಜೆ ಬೇಕರಿಯ ಪಫ್, ರಾತ್ರಿ ಹತ್ತಕ್ಕೆ ಮತ್ತೆ ಅನ್ನ, ನಡುನಡುವೆ ಎರಡು ಚಮಚ ಸಕ್ಕರೆಯ ನಾಲ್ಕು ಕಾಫಿ: ಇದು ವಿಜಯನಗರ, ಬಸವೇಶ್ವರನಗರಗಳಲ್ಲಿ ಮಾಂಸ ಮುಟ್ಟದ ಅನೇಕ ಮನೆಗಳ ದಿನಚರಿ. ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ತಿನ್ನುವುದು ಸುಮಾರು 8 ಗ್ರಾಂ, ಅದಕ್ಕೂ ಹೆಚ್ಚು. ಸಾರಿನ ಉಪ್ಪನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಉಪ್ಪನ್ನು ಯಾರೂ ಹಾಕುವುದಿಲ್ಲ.

ಸಸ್ಯಾಹಾರಿಗಳಾದ ನಾವು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ಬಿ12 ಜೀವಸತ್ವ. ಸಸ್ಯಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಲು ಮೊಸರುಗಳಲ್ಲಿದೆ, ಆದರೆ ಮಜ್ಜಿಗೆಯೆಂಬ ಬಿಳಿನೀರಿನಿಂದ ಸಾಲುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೋ, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗುವವರಲ್ಲಿ ಇದು ಇನ್ನೂ ಕುಗ್ಗುತ್ತದೆ. ಬಿ12 ಕೊರತೆಯಿಂದಲೇ ಮರೆವು, ಮಂಕು, ಕಾಲು ಜೋಮು ಬರಬಹುದು. ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುವುದೂ ಇದರಿಂದಲೇ. ಅದು ಏರಿದವರಲ್ಲಿ ರಕ್ತನಾಳಗಳ ಕಾಯಿಲೆಯೂ ಹೆಚ್ಚು. ಥೈರಾಯ್ಡ್ ದೋಷ, ಖಿನ್ನತೆಗಳಿಂದ ಬರುವ ಮರೆವಿನಂತೆ ಇದೂ ಬೇಗ ಗುರುತಿಸಿದರೆ ಗುಣವಾಗುವಂಥದ್ದು. ಆದ್ದರಿಂದ ಹಿರಿಯರು ಮರೆಯತೊಡಗಿದರೆ “ವಯಸ್ಸಾಯ್ತು ಬಿಡಿ” ಎನ್ನುವ ಮೊದಲು ಈ ಮೂರನ್ನು ನೋಡಿಸಬೇಕು. ಆ ತಾಯಿಯ ಬಿ12 ಕೂಡ ಇರಬೇಕಾದದ್ದಕ್ಕಿಂತ ಬಹಳ ಕೆಳಗಿತ್ತು.

ನಮ್ಮ ದಾಸೋಹದ ವಿಷಯವಾಗಿಯೂ ಎರಡು ಮಾತು ಬರೆಯಲು ಪೂಜ್ಯರ ಅಪ್ಪಣೆ ಬೇಡುತ್ತೇನೆ. ಪ್ರಸಾದವನ್ನು ಬೇಡವೆನ್ನಬಾರದೆಂಬ ಭಾವ ದೊಡ್ಡದು. ಆದರೆ ಬಡಿಸುವವರು ಸಕ್ಕರೆ ಕಾಯಿಲೆಯ ಹಿರಿಯರೆಂದು ತಿಳಿದೂ ಎಲೆಗೆ ಎರಡನೆಯ ಸೌಟು ಪಾಯಸ ಸುರಿಯುವುದರಲ್ಲಿ ಭಕ್ತಿಗಿಂತ ಅಭ್ಯಾಸವೇ ಹೆಚ್ಚು. ಕೋಸಂಬರಿ, ಪಲ್ಯ, ಕಾಳಿನ ಉಸಲಿಗಳನ್ನು ಮೊದಲು, ಧಾರಾಳವಾಗಿ ಬಡಿಸಿ. ರಾಗಿಮುದ್ದೆಯೋ ಜೋಳದ ರೊಟ್ಟಿಯೋ ಇರಲಿ. ಪಾಯಸ ಒಂದು ಸಲ ಸಾಕು. ಸಿದ್ಧಗಂಗೆಯ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 1907ರಿಂದ 2019ರವರೆಗೆ 111 ವರ್ಷ ಬಾಳಿದರು. ಸಾವಿರಾರು ಮಕ್ಕಳಿಗೆ ಹೊಟ್ಟೆತುಂಬ ಉಣಿಸಿದ ಅವರ ಸ್ವಂತ ಊಟ ಎಷ್ಟು ಮಿತವಾಗಿತ್ತೆಂಬುದನ್ನು ಭಕ್ತರೆಲ್ಲ ಬಲ್ಲರು. ಒಬ್ಬರ ಆಯುಷ್ಯವನ್ನು ವೈದ್ಯಶಾಸ್ತ್ರದ ಪ್ರಮಾಣವೆಂದು ನಾನು ಹೇಳಲಾರೆ. ನೆನೆಯದೆ ಇರಲೂ ಆರೆ.

ನಡಿಗೆಯ ವಿಷಯದಲ್ಲಿ ಉಪದೇಶ ಬೇಡ, ಲೆಕ್ಕ ಸಾಕು. ವಾರಕ್ಕೆ 150 ನಿಮಿಷ, ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾಗಿ. ನಮ್ಮ ಭಾಗದವರಿಗೆ ಮಲ್ಲತ್ತಹಳ್ಳಿ ಕೆರೆಯ ದಂಡೆಯಿದೆ, ಜ್ಞಾನಭಾರತಿಯ ಮರಗಳ ನೆರಳಿದೆ. ಮಾಗಡಿ ರಸ್ತೆಯ ಹೊಗೆಯಲ್ಲಿ ನಡೆಯಬೇಡಿ. ಹೊಗೆಸೊಪ್ಪಿನ ಎಲೆಯಡಿಕೆಯನ್ನು ಹಿರಿಯ ತಾಯಂದಿರು ವ್ಯಸನವೆಂದೇ ಎಣಿಸುವುದಿಲ್ಲ, ಅದು ವ್ಯಸನವೇ. ನಿದ್ರೆ ಏಳು ಗಂಟೆಯಾದರೂ ಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗುವವರು ವೈದ್ಯರಿಗೆ ತೋರಿಸಬೇಕು. ಕಿವಿ ಮಂದವಾದರೆ ಶ್ರವಣಯಂತ್ರ ಹಾಕಿಕೊಳ್ಳಲು ನಾಚಿಕೆ ಬೇಡ. ಕೇಳಿಸದವರು ಕ್ರಮೇಣ ಮಾತು ಬಿಡುತ್ತಾರೆ, ಜನ ಬಿಡುತ್ತಾರೆ, ಮಿದುಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ರಕ್ತದೊತ್ತಡ, ಎಲ್‌ಡಿಎಲ್, ಕಿವಿಯ ದೋಷ ಸೇರಿದಂತೆ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಮರೆಗುಳಿತನದಲ್ಲಿ ಸುಮಾರು ಶೇಕಡಾ 45ನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಲೆಕ್ಕ ಹಾಕಿದೆ.

ಒಂದೆಲಗದ ಪ್ರಶ್ನೆ

ಆಯುರ್ವೇದ ವೈದ್ಯನ ಲೇಖನದಲ್ಲಿ ಬ್ರಾಹ್ಮಿಯ ಹೆಸರು ಇನ್ನೂ ಬರಲಿಲ್ಲವೇಕೆ ಎಂದು ಓದುಗರು ಕೇಳಬಹುದು. ಚರಕರು ಮೇಧ್ಯ ರಸಾಯನಗಳೆಂದು ನಾಲ್ಕನ್ನು ಹೇಳಿದ್ದಾರೆ: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಮಂಡೂಕಪರ್ಣಿಯೆಂದರೆ ನಮ್ಮ ಒಂದೆಲಗ. ಅದನ್ನೇ ಕೆಲವರು ಬ್ರಾಹ್ಮಿ ಎನ್ನುತ್ತಾರೆ, ಇನ್ನು ಕೆಲವರಿಗೆ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡಗಳು. ಒಂದೆಲಗದ ತಂಬುಳಿ ಊಟದಲ್ಲಿರಲಿ, ಒಳ್ಳೆಯದು. ಆದರೆ ಬಂದ ಮರೆಗುಳಿತನವನ್ನು ಅದು ಗುಣಪಡಿಸುತ್ತದೆ ಎಂದು ನಾನು ಹೇಳಲಾರೆ, ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಯಷ್ಟಿಮಧು, ಅಂದರೆ ಜ್ಯೇಷ್ಠಮಧುವಿನ ವಿಷಯದಲ್ಲಂತೂ ಎಚ್ಚರ ಬೇಕು. ದಿನವೂ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಕಳೆದು, ರಕ್ತದೊತ್ತಡವನ್ನು ಏರಿಸುತ್ತದೆ. ನೆನಪಿನ ಶಕ್ತಿಗೆಂದು ಕೊಂಡ ಚೂರ್ಣವೇ ಮಿದುಳಿನ ರಕ್ತನಾಳಗಳಿಗೆ ಕೇಡಾಗಬಾರದಷ್ಟೆ.

ಇದನ್ನು ಇಷ್ಟು ಒತ್ತಿ ಬರೆಯಲು ನನ್ನದೇ ಒಂದು ತಪ್ಪು ಕಾರಣ. ವೃತ್ತಿಯ ಮೊದಲ ವರ್ಷಗಳಲ್ಲಿ ಹಿರಿಯರೊಬ್ಬರು ಕಾಲುನೋವಿಗೆ ನನ್ನಲ್ಲಿ ಔಷಧ ಪಡೆಯುತ್ತಿದ್ದರು. ಆಯುರ್ವೇದ ಶುರುವಾಯಿತಲ್ಲ, ಇನ್ನು ಇಂಗ್ಲಿಷ್ ಮಾತ್ರೆ ಏಕೆಂದು ತಾವಾಗಿಯೇ ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರು. ನಾನು ಕೇಳಲಿಲ್ಲ, ನಾಡಿ ನೋಡಿದೆ, ನಾಲಿಗೆ ನೋಡಿದೆ, ಒತ್ತಡ ಅಳೆಯಲಿಲ್ಲ. ಎರಡು ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಮಗನ ಮುಖವನ್ನು ಗುರುತಿಸುತ್ತಿದ್ದರು, ಹೆಸರು ಬರುತ್ತಿರಲಿಲ್ಲ. ಅಂದಿನಿಂದ ಯಾರೇ ಬರಲಿ, ನೆಗಡಿಗೇ ಬರಲಿ, ಮೊದಲು ಪಟ್ಟಿ ಸುತ್ತಿ ಒತ್ತಡ ನೋಡುತ್ತೇನೆ. ಈಗ ಯಾವ ಯಾವ ಮಾತ್ರೆ ನಡೆಯುತ್ತಿದೆ ಎಂದು ಡಬ್ಬಿ ಸಮೇತ ತರಿಸುತ್ತೇನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯ ಕಾಯಕದವರಿದ್ದರು. ಆ ಪರಂಪರೆಯವರೆಂದು ಹೇಳಿಕೊಳ್ಳುವ ನಮಗೆ ಪಕ್ಕದ ಪದ್ಧತಿಯ ಮೇಲೆ ಹಗೆ ಸಲ್ಲದು.

40 ದಾಟಿದ ಪ್ರತಿಯೊಬ್ಬರೂ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಮರೆಗುಳಿತನವಿದ್ದವರು, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸಬೇಕು. ಮೇಲಿನ ಅಂಕಿ 130ರ ಆಸುಪಾಸಿನಲ್ಲಿ ಅಥವಾ ಕೆಳಗಿರುವುದು ಒಳ್ಳೆಯದು; ಇಳಿವಯಸ್ಸಿನವರಿಗೆ ಎಷ್ಟಕ್ಕೆ ಇಳಿಸಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ, ಎದ್ದು ನಿಂತಾಗ ತಲೆಸುತ್ತಿ ಬೀಳಬಾರದು. ನೆನಪಿನ ತೊಂದರೆ ಈಗಾಗಲೇ ಕಂಡಿದ್ದರೆ ನಿಮ್ಹಾನ್ಸ್‌ಗೆ ಹೋಗಬಹುದು. ಅದೇ ಸಂಸ್ಥೆಯೊಡನೆ ರಾಜ್ಯ ಆರೋಗ್ಯ ಇಲಾಖೆಯು ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯದ ಕ್ಲಿನಿಕ್‌ಗಳನ್ನು ತೆರೆದಿದೆ. ಊರಿನಲ್ಲಿರುವ ತಂದೆತಾಯಿಗಳನ್ನು ಬೆಂಗಳೂರಿಗೇ ಕರೆತರಬೇಕೆಂದಿಲ್ಲ. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ಆ ತಾಯಿಯನ್ನು ನಾನು ಒಬ್ಬ ಎಂ.ಡಿ. ವೈದ್ಯರ ಬಳಿ ಕಳುಹಿಸಿದೆ. ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದು ಬರೆದುಕೊಂಡದ್ದನ್ನು ನೋಡಿ ಅವರು ದಿನಕ್ಕೊಂದು ಮಾತ್ರೆ ಆರಂಭಿಸಿದರು. ಕೊಬ್ಬಿಗೂ ಒಂದು, ಬಿ12ಕ್ಕೆ ಮೊದಲು ಚುಚ್ಚುಮದ್ದು. ಊಟ, ನಡಿಗೆ, ನಿದ್ರೆಯ ಪಾಲು ನನ್ನದಾಯಿತು. ಮೊದಲ ತಿಂಗಳು ಉಪ್ಪು ಕಡಿಮೆಯಾದ ಸಾರಿಗೆ ಮನೆಯಲ್ಲಿ ದೊಡ್ಡ ರಗಳೆಯೇ ನಡೆಯಿತಂತೆ. ಶಿವರಾತ್ರಿಗೆ ಮುಂಚೆ ಬಂದಾಗ ಒತ್ತಡ 128/80 ಇತ್ತು. ವಂಶವಾಹಿಯ ವರದಿ ಎಲ್ಲಿದೆಯೆಂದು ಕೇಳಿದೆ. ಬೀರುವಿನಲ್ಲಿ ಸೀರೆಗಳ ಕೆಳಗಿದೆ ಎಂದರು.

ಅಂದು ತಂದೆಯವರನ್ನೂ ಕರೆತಂದಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಅಚ್ಚುಕಟ್ಟಾಗಿತ್ತು. ನನ್ನನ್ನು ಯಾರೋ ಹಳೆಯ ಸ್ನೇಹಿತನೆಂದು ಭಾವಿಸಿ ತೆಂಗಿನಕಾಯಿಯ ಧಾರಣೆ ವಿಚಾರಿಸಿದರು.

“ಈಗ್ಲೂ ಎರಡೆರಡು ಸಲ ಪೂಜೆಗೆ ಕೂರ್ತಾರೆ ಡಾಕ್ಟ್ರೇ. ತಡೀಬೇಕಾ?”

“ಪೂಜೆ ಮಾಡ್ಲಿ ಬಿಡಿ ತಾಯಿ. ಮಾತ್ರೆ ಮಾತ್ರ ಎರಡು ಸಲ ಆಗ್ಬಾರ್ದು. ಡಬ್ಬಿ ನಿಮ್ಮ ಕೈಲೇ ಇರ್ಲಿ.”